ಏಸಿ ಮತ್ತೆ ತಣ್ಣಗಾಯ್ತು

ಅಂತೂ ಇವತ್ತು ಕಾರಿನ ಏಸಿ ಕಂಡೆನ್ಸರ್ (ಬಿಸಿನ ಹೊರಗೆ ಬಿಡೋ ಭಾಗ) ಬದಲಾಯ್ತು. ಒಂದು ತಿಂಗಳಿಂದ ಬರೀ ಬಿಸಿಗಾಳಿ, ಗ್ಯಾಸ್ ತುಂಬಿಸಿದ್ರೂ ಹತ್ತೇ ದಿನ, ಮತ್ತೆ ಅದೇ ಕಥೆ. ಮೆಕ್ಯಾನಿಕ್ ಯುವಿ ಲೈಟ್ ಹಿಡಿದು ತೋರಿಸಿದ್ರು, ರೇಡಿಯೇಟರ್ ಮುಂದೆ ಇರೋ ಕಂಡೆನ್ಸರ್‌ಗೆ ಎಲ್ಲೋ ಕಲ್ಲು ಹಾರಿ ಬಡಿದು ಸೂಜಿಮೊನೆಯಷ್ಟು ತೂತು, ಸೋರಿಕೆ ಹುಡುಕೋಕೆ ಗ್ಯಾಸ್ ಜೊತೆ ಹಾಕಿದ್ದ ಡೈ (ಬಣ್ಣ) ಅಲ್ಲಿಂದ ಹಸಿರಾಗಿ ಹೊಳೀತಿತ್ತು. ಜೊತೆಗೆ ತೇವ ಹೀರೋ ಡ್ರೈಯರ್, ಜಾಯಿಂಟ್‌ಗಳಲ್ಲಿರೋ ರಬ್ಬರ್ ಓ-ರಿಂಗ್ ಎಲ್ಲಾ ಹೊಸದೇ ಹಾಕ್ಬೇಕು ಅಂದ್ರು, ಯಾಕಂದ್ರೆ ಒಳಗೆ ತೇವ ಉಳಿದ್ರೆ ಅದು ಗ್ಯಾಸು ಆಯಿಲ್ ಜೊತೆ ಸೇರಿ ಆಸಿಡ್ ಆಗಿ ಕಂಪ್ರೆಸರನ್ನೇ ಹಾಳು ಮಾಡುತ್ತೆ. ಆಮೇಲೆ 45 ನಿಮಿಷ ವ್ಯಾಕ್ಯೂಮ್ ಪಂಪ್ ಓಡಿಸಿ ಒಳಗಿನ ಗಾಳಿ, ತೇವ ಎಳೆದು, ಗೇಜ್ ಮುಳ್ಳು ಅಲ್ಲಾಡ್ದೆ ನಿಂತಿದ್ದನ್ನ (ಅಂದ್ರೆ ಸೋರಿಕೆ ಇಲ್ಲ) ನೋಡಿದ್ಮೇಲೇನೇ ಆರ್-134ಎ ಅನ್ನೋ ಏಸಿ ಗ್ಯಾಸ್ ತುಂಬಿಸಿದ್ದು, ಅದೂ ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಿರೋ ಗ್ರಾಂ ಲೆಕ್ಕಕ್ಕೇ, ತೂಕ ಮಾಡಿ. ಆ ತಾಳ್ಮೆ ನಂಗೆ ತುಂಬಾ ಇಷ್ಟ ಆಯ್ತು.

ಈ ಗ್ಯಾಸು ಮಾಮೂಲಿ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುತ್ತೆ, ಕುದಿಯೋವಾಗ ಕಾರೊಳಗಿನ ಬಿಸಿ ಹೀರ್ಕೊಂಡು ಹೊರಗೆ ಕಂಡೆನ್ಸರ್‌ನಲ್ಲಿ ಬಿಟ್ಟು ಬರುತ್ತೆ. ಅಂದ್ರೆ ಏಸಿ ತಂಪನ್ನ ತಯಾರು ಮಾಡೋದಲ್ಲ, ಬಿಸಿನ ಆಚೆ ಹೊತ್ತು ಹಾಕೋದು. ಇಷ್ಟು ವರ್ಷ ಗಾಡಿ ಓಡ್ಸಿ ಇದನ್ನ ಯೋಚ್ನೆನೇ ಮಾಡಿರ್ಲಿಲ್ಲ.

ವಾಪಸ್ ಬರ್ತಾ ಹಿಂದಿನ ಸೀಟಲ್ಲಿ ಅಮ್ಮಂಗೆ ನಿದ್ದೆ ಹತ್ತಿತ್ತು, ಒಂದು ತಿಂಗಳಿಂದ ಕಾರಲ್ಲಿ ಅವ್ರು ಕಣ್ಣು ಮುಚ್ಚಿದ್ದೇ ಇಲ್ಲ.