"ಅಕ್ಕೋರೆ, ಆ ಗುರುಗಳು ಹೇಳೋದು ಖರೇ ಏನ್ರೀ?"

ಕಲಬುರಗಿಯಲ್ಲಿ ನರ್ಸಿಂಗ್ ಹುಡುಗಿಯರಿಗೆ ಶರೀರಕ್ರಿಯಾಶಾಸ್ತ್ರ ಕಲಿಸುವವಳು ನಾನು. ಅದಕ್ಕೋ ಏನೋ, ಮದುವೆ ಊಟದ ಪಂಕ್ತಿಯಲ್ಲಿ, ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿಯಲ್ಲಿ, ಎಲ್ಲಿ ಸಿಕ್ಕರೂ ಯಾರಾದರೊಬ್ಬರು ಮೊಬೈಲ್ ನನ್ನ ಮುಂದೆ ಹಿಡಿಯುತ್ತಾರೆ. ಅದರಲ್ಲೊಬ್ಬ ಗುರು. ಚೈತನ್ಯ, ಶಕ್ತಿ, ಕ್ವಾಂಟಮ್, ಮೂರನೇ ಕಣ್ಣು ಎಂದು ಹೇಳುತ್ತಿರುತ್ತಾರೆ. "ಅಕ್ಕೋರೆ, ಇವ್ರು ಹೇಳ್ಲತ್ತಿದ್ದು ಖರೇ ಅದಾ ಏನ್ರೀ?"

ನಾನು ತಿರುಗಿ ಕೇಳುತ್ತೇನೆ: "ಯಾವ ಮಾತು?"

ಒಂದೇ ಪ್ರವಚನದಲ್ಲಿ ಮೂರು ಥರದ ಮಾತು ಬೆರೆತಿರುತ್ತವೆ. "ಕಣ್ಣು ಮುಚ್ಚಿ ಕೂತಿದ್ದೆ, ನಾನು ಅನ್ನೋದೇ ಕರಗಿಹೋಯ್ತು" ಎಂದರೆ ಅದು ಅವರ ಅನುಭವ. ಅದನ್ನು ಸುಳ್ಳೆನ್ನಲು ನಾನ್ಯಾರು? "ನೀವೂ ಹೀಗೆ ಕೂತು ನೋಡಿ" ಎಂದರೆ ಅದೊಂದು ವಿಧಾನ, ಕೂತು ನೋಡಬಹುದು. "ಇದರಿಂದ ನಿಮ್ಮ ಡಿಎನ್‌ಎ ಬದಲಾಗ್ತದ, ಸಕ್ಕರೆ ಕಾಯಿಲೆ ಹೋಗ್ತದ" ಎಂದರೆ ಮಾತ್ರ ಅದು ನನ್ನ ಪಾಠದ ಕೋಣೆಗೆ ಬಂದ ಮಾತು, ಪರೀಕ್ಷೆ ಆಗಲೇಬೇಕು. ಮೊದಲನೆಯದರಿಂದ ಗಳಿಸಿದ ನಂಬಿಕೆ ಸದ್ದಿಲ್ಲದೆ ಮೂರನೆಯದಕ್ಕೆ ಖರ್ಚಾಗುತ್ತದೆ. ರೊಟ್ಟಿ ಚೊಲೋ ಬಡಿತಾಳಂತ ಆಕಿನ್ನ ಕರ್ಕೊಂಡು ಹೋಗಿ ಜೋಳದ ಬೆಳೆಗೆ ಯಾವ ರೋಗ ಬಂದದ ಅಂತ ಕೇಳ್ತೀರೇನು?

ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಉಸಿರಾಟದ ಶಿಬಿರಗಳಲ್ಲಿ. ನಮ್ಮ ಓಣಿಯ ಒಬ್ಬಾಕೆ ಹೋಗಿ ಬಂದು ಹೇಳಿದಳು: ಹಾಲ್‌ನಲ್ಲಿ ಸಾಲಾಗಿ ಮಲಗಿಸಿ, ಜೋರಾಗಿ ಸಂಗೀತ ಹಾಕಿ, ಬಾಯಿ ತೆರೆದು ಗಬಗಬ ಉಸಿರಾಡಿಸಿದರಂತೆ. ಸ್ವಲ್ಪ ಹೊತ್ತಿಗೆ ತುಟಿ ಸುತ್ತ ಜುಮುಜುಮು, ಆಮೇಲೆ ಅಂಗೈ. ಹೆಬ್ಬೆರಳು ಅಂಗೈಯೊಳಗೆ ಹೋಗಿ, ಉಳಿದ ಬೆರಳು ನೆಟ್ಟಗೆ ಕೂಡಿಕೊಂಡು ಮಣಿಕಟ್ಟು ಬಾಗಿತಂತೆ, ಬಿಡಿಸಿದರೂ ಬಿಡಲೊಲ್ಲದು. ಪಕ್ಕದವಳು ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಗುರುಗಳು ಮೈಕಿನಲ್ಲಿ, "ಶಕ್ತಿ ಏಳ್ಲತ್ತದ, ತಡೀಬ್ಯಾಡ್ರಿ" ಎಂದರಂತೆ.

ಅವಳಿಗಾದದ್ದು ನೂರಕ್ಕೆ ನೂರು ನಿಜ. ಆದರೆ ಆ ಕೈ ಯಾವುದೆಂದು ನನ್ನ ಮೊದಲ ವರ್ಷದ ಹುಡುಗಿಯರಿಗೂ ಗೊತ್ತು. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡಿದರೆ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ರಕ್ತ ಕ್ಷಾರದ ಕಡೆ ವಾಲುತ್ತದೆ. ಆಗ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂನ ಇನ್ನಷ್ಟು ಭಾಗ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಿಡಿ ಕ್ಯಾಲ್ಸಿಯಂ ಕಡಿಮೆಯಾದಂತೆ ನರಗಳು ತಾವಾಗಿಯೇ ಮಿಡಿಯತೊಡಗುತ್ತವೆ, ಬೆರಳು ಸೆಟೆಯುತ್ತವೆ. ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಹಗುರಾಗುತ್ತದೆ, ಲೋಕ ದೂರ ಸರಿದಂತಾಗುತ್ತದೆ. ಗಾಬರಿಬಿದ್ದು ಏದುಸಿರು ಬಿಡುತ್ತ ಕ್ಯಾಜುವಾಲ್ಟಿಗೆ ಬಂದವರಿಗೂ ಅದೇ ಕೈ. ಅಲ್ಲಿ ಅದಕ್ಕೆ ಕುಂಡಲಿನಿ ಅನ್ನುವವರಿಲ್ಲ.

ಹಾಗಾದರೆ ಯೋಗಿಗಳೆಲ್ಲ ಸುಳ್ಳೇ? ಅಲ್ಲ. 1957ರಲ್ಲಿ ವೆಂಗರ್ ಮತ್ತು ಬಾಗ್ಚಿ ಎಂಬ ಇಬ್ಬರು ವಿಜ್ಞಾನಿಗಳು ಯಂತ್ರಗಳನ್ನು ಹೊತ್ತು ಭಾರತ ಸುತ್ತಿದರು. ಹೃದಯ ನಿಲ್ಲಿಸುತ್ತೇವೆ ಎಂದ ಯೋಗಿಗಳನ್ನು ಪರೀಕ್ಷಿಸಿದರು. ಮಣಿಕಟ್ಟಿನ ನಾಡಿ ಸಿಗಲಿಲ್ಲ, ಸ್ಟೆತಸ್ಕೋಪಿಗೆ ಬಡಿತ ಕೇಳಿಸಲಿಲ್ಲ. ಆದರೆ ಇಸಿಜಿ ಕಾಗದದ ಮೇಲೆ ಹೃದಯ ಬಡಿಯುತ್ತಲೇ ಇತ್ತು. ಉಸಿರು ಬಿಗಿಹಿಡಿದು ಎದೆ ಹೊಟ್ಟೆಯ ಸ್ನಾಯು ಬಿಗಿದರೆ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ನಾಡಿ ಅಡಗುತ್ತದೆ, ಅಷ್ಟೆ. ದೆಹಲಿಯ ಏಮ್ಸ್‌ನ ಬಿ.ಕೆ. ಆನಂದ್ ಜೊತೆ ಸೇರಿ ಇದನ್ನು 1961ರಲ್ಲಿ ಪ್ರಕಟಿಸಿದರು. ಅದೇ ಆನಂದ್ ಅದೇ ವರ್ಷ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಇಬ್ಬರು ಯೋಗಿಗಳು 4 ಡಿಗ್ರಿಯ ತಣ್ಣೀರಿನಲ್ಲಿ 45ರಿಂದ 55 ನಿಮಿಷ ಕೈ ಇಟ್ಟು ಕೂತಿದ್ದರು, ಮನಸ್ಸು ಶಾಂತವಾಗಿದ್ದಾಗ ಮಿದುಳಿನಲ್ಲಿ ಕಾಣುವ ಆಲ್ಫಾ ಅಲೆಗಳು ಅವರಲ್ಲಿ ಕದಡಲಿಲ್ಲ. ಒಂದು ಮಾತು ಬಿತ್ತು, ಒಂದು ನಿಂತಿತು. ಎರಡೂ ಥರದ ಯೋಗಿಗಳ ಬಗ್ಗೆ ನನಗೆ ಗೌರವವಿದೆ, ಯಾಕೆಂದರೆ ತಂತಿ ಅಂಟಿಸಿಕೊಳ್ಳಲು ಅವರು ಒಪ್ಪಿದರು. ಮೊಬೈಲಿನ ಗುರುಗಳಲ್ಲಿ ನಾನು ಹುಡುಕುವುದೂ ಅದನ್ನೇ.

"ವಿಜ್ಞಾನವೇ ಸಾಬೀತು ಮಾಡ್ಯದ" ಎನ್ನುವವರನ್ನು ಕಂಡರೆ ಮಾತ್ರ ನನ್ನ ಕಿವಿ ನೆಟ್ಟಗಾಗುತ್ತದೆ. ಪ್ರಜ್ಞೆ ಎಂದರೇನೆಂದು ವಿಜ್ಞಾನಕ್ಕೇ ಇನ್ನೂ ಬಗೆಹರಿದಿಲ್ಲ. 1998ರಲ್ಲಿ ಕ್ರಿಸ್ಟೋಫ್ ಕಾಖ್ ಎಂಬ ನರವಿಜ್ಞಾನಿ, ಇನ್ನು 25 ವರ್ಷದೊಳಗೆ ಮಿದುಳಿನಲ್ಲಿ ಪ್ರಜ್ಞೆಯ ಗುರುತು ಸ್ಪಷ್ಟವಾಗಿ ಸಿಗುತ್ತದೆ ಎಂದು ತತ್ವಜ್ಞಾನಿ ಡೇವಿಡ್ ಚಾಮರ್ಸ್ ಜೊತೆ ಪಂಥ ಕಟ್ಟಿದರು. 2023ರಲ್ಲಿ ಸೋಲೊಪ್ಪಿ ವೈನ್ ಬಾಟಲಿಗಳನ್ನು ಕೊಟ್ಟರು. ಜೀವಮಾನವಿಡೀ ಅದನ್ನೇ ಓದಿದವರು ಸಭೆಯಲ್ಲಿ ನಿಂತು ಸೋತೆ ಎನ್ನುತ್ತಾರೆ, ನಮ್ಮ ಗುರುಗಳಿಗೆ ಒಂದು ರೀಲ್ಸ್ ಸಾಕು. ಇನ್ನು ನೋಡುವವನ ಪ್ರಜ್ಞೆಯಿಂದಲೇ ಜಗತ್ತು ಬದಲಾಗುತ್ತದೆ ಎನ್ನಲು ಕ್ವಾಂಟಮ್ ಹೆಸರು ಹೇಳುತ್ತಾರಲ್ಲ, ಆ ಕ್ವಾಂಟಮ್ ಅಳತೆಯಲ್ಲಿ ಬರುವ 'ವೀಕ್ಷಕ' ಮನುಷ್ಯನೇ ಆಗಬೇಕಿಲ್ಲ, ಒಂದು ಉಪಕರಣವಿದ್ದರೂ ನಡೆಯುತ್ತದೆ.

ಗುರುವನ್ನು ತೂಗುವುದು ನಮ್ಮ ಮಂದಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಶ್ರಾವಣ ಬಂತೆಂದರೆ ಇಲ್ಲಿ ಊರೂರಿಗೆ ಪುರಾಣ ಪ್ರವಚನ. ಸ್ವಾಮಿಗಳು ಏನು ಉಣ್ಣುತ್ತಾರೆ, ಹೊಲದ ಜಗಳದಲ್ಲಿ ಯಾರ ಪರ ನಿಂತರು, ಮಠದ ರೊಕ್ಕ ಎಲ್ಲಿ ಹೋಯಿತು, ಎಲ್ಲವೂ ಕಟ್ಟೆಯ ಮೇಲೆ ಚರ್ಚೆ. ಎದುರಿಗೆ ಕಾಲಿಗೆ ಬೀಳುತ್ತಾರೆ, ಹಿಂದೆ ಲೆಕ್ಕ ಹಾಕುತ್ತಾರೆ. ಮೊಬೈಲಿನ ಗುರುವಿಗೆ ಈ ಕಟ್ಟೆಯೇ ಇಲ್ಲ. ಕತ್ತರಿಸಿ ಜೋಡಿಸಿದ ಮುಖವಷ್ಟೇ ಬರುತ್ತದೆ. ಪ್ರಶ್ನೆ ಕೇಳಿದವ ತಬ್ಬಿಬ್ಬಾದದ್ದು ಕಾಣುತ್ತದೆ, ಗುರು ತಬ್ಬಿಬ್ಬಾದದ್ದು ಕಾಣುವುದಿಲ್ಲ.

ಪವಾಡದ ಬಗ್ಗೆಯೂ ನಮ್ಮಲ್ಲಿ ಹಳೆಯ ಗಟ್ಟಿ ಮಾತಿದೆ. ಇಂದಿನ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ ಅನುಭವ ಮಂಟಪದ ಅಧ್ಯಕ್ಷನಾಗಿದ್ದ ಅಲ್ಲಮನ ಕಥೆ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಸಿದ್ಧಯೋಗಿ ಗೋರಕ್ಷನ ದೇಹ ವಜ್ರದಂಥದು, ಕತ್ತಿ ಬೀಸಿದರೆ ಖಣಿಲ್ ಎನ್ನುತ್ತದೆ. ಅಲ್ಲಮ ಅದಕ್ಕೆ ಬೆರಗಾಗುವುದಿಲ್ಲ. ದೇಹ ಗಟ್ಟಿ ಮಾಡಿಕೊಂಡದ್ದು ಅರಿವಲ್ಲ ಎನ್ನುವುದು ಅವನ ನಿಲುವು. ಗೋರಕ್ಷ ಬೀಸಿದ ಕತ್ತಿ ಅಲ್ಲಮನ ಮೈಯಲ್ಲಿ ಬಯಲಿನಲ್ಲಿ ಹಾದಂತೆ ಹಾದುಹೋಗುತ್ತದೆ. ಕಥೆಯೊಳಗೂ ದೇಹದ ಪವಾಡ ಮೆರೆಸಿದ ಗೋರಕ್ಷನೇ ಅಲ್ಲಮನಿಗೆ ಶಿಷ್ಯನಾಗುತ್ತಾನೆ.

ಒಂದು ವಿಷಯದಲ್ಲಿ ಮಾತ್ರ ನನ್ನಲ್ಲಿ ಸೌಜನ್ಯ ಉಳಿಯುವುದಿಲ್ಲ. ಔಷಧ ಬಿಡಿ ಎನ್ನುವವರು ಯಾರೇ ಆಗಲಿ, ಎಷ್ಟೇ ಶಾಂತ ಮುಖದವರಾಗಲಿ, ಅಲ್ಲಿಂದ ಎದ್ದು ಬನ್ನಿ. ಟೈಪ್ 1 ಮಧುಮೇಹದ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಇನ್ನೂ ಬೇಗ, ಜೀವಕ್ಕೆ ಕುತ್ತು ಬರುತ್ತದೆ. ಫಿಟ್ಸ್ ಗುಳಿಗೆ ಬಿಡಿಸುವುದೂ ಅಷ್ಟೇ ಅಪಾಯ.

"ಹಂಗಾದ್ರ ಧ್ಯಾನಕ್ಕ ಕೂಡ್ರಬೇಕೋ ಬ್ಯಾಡೋ?" ಎಂದು ಕಡೆಗೆ ಕೇಳುತ್ತಾರೆ. ಕೂಡ್ರಿ, ನಾನೂ ಕೂಡುತ್ತೇನೆ. ಅದಕ್ಕೆ ಸಾವಿರಾರು ರೂಪಾಯಿ ಫೀಸು ಕಟ್ಟಬೇಕಿಲ್ಲ. ಬೆಳಗಿನ ಹೊತ್ತು ವಿಶ್ವವಿದ್ಯಾಲಯದ ಹತ್ತಿರದ ಬುದ್ಧ ವಿಹಾರಕ್ಕೆ ಹೋಗಿ, ನೆರಳು ನೋಡಿಕೊಂಡು ಕೂತರಾಯಿತು. ಫಿಟ್ಸ್, ಹೃದಯದ ತೊಂದರೆ ಇದ್ದವರು, ಬಸುರಿಯರು ಆ ಗಬಗಬ ಉಸಿರಿನ ತಂಟೆಗೆ ಹೋಗಬೇಡಿ. ಮತ್ತೆ ಯಾವುದಾದರೂ ಶಿಬಿರಕ್ಕೆ ಹೋದರೆ, ಮೈಕ್ ಕೈಗೆ ಸಿಕ್ಕಾಗ ನನ್ನ ಪರವಾಗಿ ಇಷ್ಟು ಕೇಳಿ: "ಗುರುಗಳೇ, ನೀವು ಹೇಳಿದ್ದರಾಗ ಯಾವುದು ಆಮ್ಯಾಲ ತಪ್ಪಂತ ಗೊತ್ತಾತು?" ಅವರೇನೆಂದರು ಅಂತ ನನಗೂ ತಿಳಿಸಿ.