ಗ್ಯಾಲ್ವೆಸ್ಟನ್ ಬಂದರಿನ ಮಂಜು

ಅಪ್ಪ ಅಮ್ಮ ಕೊಡಗಿನ ಮಕ್ಕಂದೂರಿಗೆ ವಾಪಸಾಗಿ ಹದಿನೈದು ದಿನವಾಯಿತು. ಅಕ್ಕಪಕ್ಕದವರು "ಹಡಗು ಹೇಗಿತ್ತು?" ಅಂತ ಕೇಳಿದರೆ ಅಪ್ಪ ಹಡಗು ಹತ್ತುವ ಮುಂಚಿನ ಕಥೆಯಲ್ಲೇ ನಿಂತುಬಿಡುತ್ತಾರಂತೆ. ಅಮ್ಮ ನಿನ್ನೆ ಫೋನಿನಲ್ಲಿ ಹೇಳಿದಳು. ಕೊಡಗಿನಿಂದ ಬಂದು ಅಮೆರಿಕದಲ್ಲಿರುವ ನನ್ನಂಥವರು ಹೆತ್ತವರನ್ನು ಒಂದು ಸಲ ಕ್ರೂಸ್‌ಗೆ ಕರೆದೊಯ್ಯಬೇಕು ಅಂತ ಆಸೆ ಇಟ್ಟುಕೊಂಡಿರುತ್ತೇವೆ. ಹಾಗಾಗಿ ಆ ದಿನದ ಕಥೆ ನಾನೂ ಬರೆಯುತ್ತಿದ್ದೇನೆ.

ನಾನಿರುವುದು ಟೆಕ್ಸಾಸಿನ ಹ್ಯೂಸ್ಟನ್‌ನಲ್ಲಿ. ಇಲ್ಲಿಂದ ಗ್ಯಾಲ್ವೆಸ್ಟನ್ ಬಂದರಿಗೆ ಸುಮಾರು 80 ಕಿಲೋಮೀಟರ್. ಅರೇಬಿಕಾ ಕಾಫಿ ಕೊಯ್ಲು ಮುಗಿಸಿ ಹೊರಟು, ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬೀಳುವ ಹೊತ್ತಿಗೆ ತೋಟ ಸೇರಬೇಕು ಅನ್ನುವ ಲೆಕ್ಕದಲ್ಲಿ ಅಪ್ಪ ಬಂದಿದ್ದರು. ಹಾಗಾಗಿ ಫೆಬ್ರವರಿ ಬಿಟ್ಟರೆ ನಮಗೆ ಬೇರೆ ತಿಂಗಳಿರಲಿಲ್ಲ. ಮೆಕ್ಸಿಕೋದ ಕೊಜುಮೆಲ್ ಕಡೆಗೆ ಐದು ರಾತ್ರಿಯ ಪ್ರಯಾಣ, ಹಡಗು ಹತ್ತುವ ಸಮಯ ಮಧ್ಯಾಹ್ನ ಹನ್ನೆರಡು.

ಗ್ಯಾಲ್ವೆಸ್ಟನ್ ಇರುವ ದ್ವೀಪಕ್ಕೆ ಹೋಗುವ ಸೇತುವೆ ಮೇಲೆ, ಮಂಜಿನಲ್ಲಿ, ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣಲಿಲ್ಲ. "ಇದು ಥೇಟ್ ನಮ್ಮ ಮಡಿಕೇರಿಯೇ" ಅಂದಳು ಅಮ್ಮ, ಖುಷಿಯಿಂದ. ಬಂದರಿಗೆ ಹೋಗಿ ನೋಡಿದರೆ ಹಡಗೇ ಇಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಇಲ್ಲಿ ದಡದ ನೀರು ತಣ್ಣಗಿರುತ್ತದೆ. ಮೆಕ್ಸಿಕೋ ಕೊಲ್ಲಿಯ ಕಡೆಯಿಂದ ಬೆಚ್ಚಗಿನ ತೇವದ ಗಾಳಿ ಅದರ ಮೇಲೆ ಹಾದರೆ ಮಂಜು ಕಟ್ಟುತ್ತದೆ. ಎಷ್ಟು ದೊಡ್ಡ ಹಡಗಾದರೂ ಬಂದರಿನ ಕಾಲುವೆಯೊಳಗೆ ಬರಬೇಕಾದರೆ ಆ ನೀರು ಬಲ್ಲ, ಹಡಗಿಗೆ ದಾರಿ ತೋರುವ ಸ್ಥಳೀಯ ಪೈಲಟ್ ಅದನ್ನು ಹತ್ತಬೇಕು. ಮಂಜು ದಟ್ಟವಾದಾಗ ಆ ಕೆಲಸ ನಿಲ್ಲುತ್ತದೆ, ನಿಲ್ಲಲೇಬೇಕು. ಇದರಲ್ಲಿ ನಾನು ಯಾರನ್ನೂ ದೂರುವುದಿಲ್ಲ.

ನನ್ನ ದೂರು ಬೇರೆ. ದೊಡ್ಡ ಸೂಟ್‌ಕೇಸುಗಳನ್ನು ಪೋರ್ಟರ್‌ಗಳು ಟ್ಯಾಗ್ ನೋಡಿ ಒಳಗೆ ತೆಗೆದುಕೊಂಡರು, ನಮ್ಮನ್ನು ಮಾತ್ರ ಹೊರಗಿನ ಫುಟ್‌ಪಾತಿನಲ್ಲಿ ಸಾಲು ನಿಲ್ಲಿಸಿದರು. ನೂರಾರು ಜನ, ಒಂದು ಕುರ್ಚಿ ಇಲ್ಲ. ಎಷ್ಟು ಹೊತ್ತಾಗಬಹುದು ಅಂತ ಕೇಳಿದರೆ ಆ್ಯಪ್ ನೋಡಿ ಅನ್ನುತ್ತಿದ್ದರು. ಆ್ಯಪಿನಲ್ಲಿ ಹಳೆಯ ಹನ್ನೆರಡು ಗಂಟೆಯೇ ಕೂತಿತ್ತು. ಎರಡಕ್ಕೆ ಅದು ನಾಲ್ಕಾಯಿತು, ನಾಲ್ಕಕ್ಕೆ ಆರೂವರೆ.

ಅಮ್ಮನಿಗೆ ಅರವತ್ತೆಂಟು, ಸಕ್ಕರೆ ಕಾಯಿಲೆ. ಹೊಸ ಶೂ ಬಿಚ್ಚಿ ನನ್ನ ಕೈಚೀಲದ ಮೇಲೆ ಕೂತಳು. ಕಾಲ್ಚೀಲದ ಎಲಾಸ್ಟಿಕ್ ಊದಿದ ಕಾಲಿನಲ್ಲಿ ಬಳೆಯ ಹಾಗೆ ಗುರುತು ಬಿಟ್ಟಿತ್ತು. ಬೆರಳಿಂದ ಒತ್ತಿದರೆ ಗುಳಿ ಬಿದ್ದು ನಿಧಾನಕ್ಕೆ ಮೇಲೆ ಬರುತ್ತಿತ್ತು. ಪುಣ್ಯಕ್ಕೆ ಸ್ಟೀಲ್ ಡಬ್ಬದಲ್ಲಿ ಅಕ್ಕಿ ರೊಟ್ಟಿ, ಎಳ್ಳು ಪಜ್ಜಿ ಇತ್ತು. ಮನೆಯ ಅಡುಗೆ ಹಡಗಿನೊಳಗೆ ಬಿಡುವುದಿಲ್ಲ ಅಂತ ದಾರಿಗೆಂದು ಕಟ್ಟಿದ್ದು ಅದು. ಪಕ್ಕದಲ್ಲಿದ್ದ ಮುದುಕಿಗೂ ಒಂದು ರೊಟ್ಟಿ ಕೊಟ್ಟಳು ಅಮ್ಮ. ಭಾಷೆ ಬಾರದ ಇಬ್ಬರೂ ಕೈ ಹಿಡಿದುಕೊಂಡು ಕೂತಿದ್ದರು.

ಅಪ್ಪನ ಬಿಪಿ ಮಾತ್ರೆ ಟ್ಯಾಗ್ ಹಾಕಿದ ಸೂಟ್‌ಕೇಸಿನಲ್ಲಿ ಹೋಗಿದೆ ಅಂತ ನನಗೆ ಗೊತ್ತಾದದ್ದು ಆಮೇಲೆ. ವಾಪಸ್ ಕೇಳಿದರೆ, ಒಳಗೆ ಹೋದದ್ದು ಇನ್ನು ಕೋಣೆಯ ಬಾಗಿಲಿಗೇ ಬರುವುದು ಅಂದರು. ಇದು ನನ್ನದೇ ತಪ್ಪು, ಇವತ್ತಿಗೂ ಚುಚ್ಚುತ್ತದೆ. ದಯವಿಟ್ಟು ಮಾತ್ರೆ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಅಪ್ಪ ಒಂದು ಮಾತೂ ಆಡದೆ ನಿಂತಿದ್ದರು. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಜಾರಿದಾಗ ಮನೆ ಬಿಟ್ಟು ಪರಿಹಾರ ಕೇಂದ್ರದಲ್ಲಿ ಎಂಟು ದಿನ ಕಳೆದವರು ಅವರು. ನಾಲ್ಕು ಗಂಟೆಯ ಮೆಸೇಜ್ ಓದಿ ಹೇಳಿದಾಗ ಮೊದಲ ಸಲ ಬಾಯಿಬಿಟ್ಟರು: "ಆವಾಗ ಚಾಪೆ ಮೇಲೆ ಮಲಗಿದ್ದೆವು. ಆದರೂ ಯಾರೋ ಒಬ್ಬರು ಬಂದು, ಈ ದಾರಿ ಬಿಟ್ಟಿದೆ, ಆ ದಾರಿ ಬಿಟ್ಟಿಲ್ಲ ಅಂತ ಹೇಳಿ ಹೋಗುತ್ತಿದ್ದರು ಮಗಾ." ನನ್ನ ಎದೆಯಲ್ಲಿದ್ದ ಸಿಟ್ಟಿಗೆ ಅದೇ ಮಾತು ಬೇಕಿತ್ತು. ಸೀದಾ ಬಾಗಿಲಿಗೆ ಹೋಗಿ, ವಯಸ್ಸಾದವರಿಗೆ ಕುರ್ಚಿ ಕೊಡುವವರೆಗೆ ಇಲ್ಲಿಂದ ಕದಲುವುದಿಲ್ಲ ಅಂದೆ. ಹಿಂದೆ ಇನ್ನೂ ಏಳೆಂಟು ಜನ ಸೇರಿಕೊಂಡರು. ಹತ್ತು ನಿಮಿಷದಲ್ಲಿ ಮಡಚುವ ಕುರ್ಚಿಗಳು ಬಂದವು. ಒಳಗೇ ಇದ್ದವು!

ಐದರ ಸುಮಾರಿಗೆ ಮಂಜಿನೊಳಗಿಂದ ಉದ್ದನೆಯ ಕೂಗು ಕೇಳಿತು. ಮಂಜಿನಲ್ಲಿ ಸಾಗುವ ಹಡಗು ಕನಿಷ್ಠ ಎರಡು ನಿಮಿಷಕ್ಕೊಮ್ಮೆ ಹೀಗೆ ಕೂಗಬೇಕು ಅನ್ನುವುದು ಕಡಲಿನ ಕಾನೂನು. ಅಪ್ಪ ವಾಚ್ ನೋಡುತ್ತಾ ನಿಂತರು. ನಾಲ್ಕನೇ ಕೂಗಿಗೆ ಬಿಳಿ ಗೋಡೆಯೊಂದು ತಲೆ ಮೇಲೆ ತೇಲಿ ಬಂದ ಹಾಗೆ ಹಡಗು ಕಾಣಿಸಿತು. ಜನ ಚಪ್ಪಾಳೆ ತಟ್ಟಿದರು. ಆದರೆ ಒಳಗಿರುವ ಹಳೆಯ ಪ್ರಯಾಣಿಕರು ಒಬ್ಬರೂ ಉಳಿಯದ ಹಾಗೆ ಇಳಿದು ಮುಗಿಯಬೇಕು, ಆಮೇಲೆ ನಾವು. ವಿಮಾನ ತಪ್ಪಿಸಿಕೊಂಡವರು ಫೋನಿನಲ್ಲಿ ಅಳುತ್ತಾ ನಮ್ಮ ಪಕ್ಕದಲ್ಲೇ ಹೋದರು.

ನಮ್ಮ ಸರದಿ ಬಂದಾಗ ಎಂಟು ದಾಟಿತ್ತು. ಭಾರತದ ಪಾಸ್‌ಪೋರ್ಟ್ ನೋಡಿದ ಕೌಂಟರಿನ ಹುಡುಗಿ ಮೆಕ್ಸಿಕೋ ವೀಸಾ ಎಲ್ಲಿ ಅಂದಳು. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದವರಿಗೆ ಮೆಕ್ಸಿಕೋ ಬೇರೆ ವೀಸಾ ಕೇಳುವುದಿಲ್ಲ. ನಾನು ಆ ನಿಯಮ ಪ್ರಿಂಟ್ ಮಾಡಿ ತಂದಿದ್ದೆ. ಆದರೂ ಮೇಲಿನವರು ಬಂದು ನೋಡುವುದಕ್ಕೆ ಅರ್ಧ ಗಂಟೆ.

ಹತ್ತಿದ ಮೇಲೆ ಸೀದಾ ಮಲಗುವ ಹಾಗೂ ಇರಲಿಲ್ಲ. ಆಪತ್ತಿನಲ್ಲಿ ಎಲ್ಲಿ ಸೇರಬೇಕು ಅಂತ ತೋರಿಸುವ ಡ್ರಿಲ್ ಮೊದಲು. 2012ರ ಜನವರಿಯಲ್ಲಿ ಇಟಲಿಯ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಅವತ್ತೇ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಡ್ರಿಲ್ ಆಗಬೇಕು ಅನ್ನುವ ನಿಯಮ ಬಂದದ್ದು ಅದರ ನಂತರ. ಅಮ್ಮ ಗೋಡೆ ಹಿಡಿದುಕೊಂಡೇ ಬಂದಳು, ಪೂರ್ತಿ ಕೇಳಿಸಿಕೊಂಡಳು.

ಸೂಟ್‌ಕೇಸ್ ಬಾಗಿಲಿಗೆ ಬಂದಾಗ ಹನ್ನೊಂದು ಮುಕ್ಕಾಲು. ಕಾರಿಡಾರಿನಲ್ಲೇ ಕೂತು ಜಿಪ್ ಎಳೆದು, ಪಂಚೆಗಳ ಅಡಿಯಿಂದ ಮಾತ್ರೆಯ ಡಬ್ಬಿ ತೆಗೆದೆ. ಅಪ್ಪ ಎರಡು ಗುಟುಕು ನೀರಿನಲ್ಲಿ ನುಂಗಿ, ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿದರು. ಬಂದರಿನ ದೀಪಗಳು ಸ್ಪಷ್ಟವಾಗಿ ಕಾಣುತ್ತಿದ್ದವು.

"ಮಂಜು ಪೂರಾ ಹೋಗಿದೆ. ಊರಿನಲ್ಲಿ ಮಳೆ ಬಿತ್ತಾ ಅಂತ ಒಂದು ಫೋನ್ ಮಾಡು, ಈಗ ಅಲ್ಲಿ ಬೆಳಿಗ್ಗೆ ಅಲ್ವಾ" ಅಂದರು.