“ಬೇರೆ ಆಗಿಬಿಡಬಾರದಾ?” ಅಂತ ಕೇಳುವವರಿಗೆ

ನಾನು ಕೆಲವು ವರ್ಷ ನೈಜೀರಿಯಾದ ಒನಿಚಾ ಊರಲ್ಲಿ ಕೆಲಸ ಮಾಡಿದವನು. ಇಲ್ಲಿಗೆ ಬಂದಾಗೆಲ್ಲ ಅದೇ ಪ್ರಶ್ನೆ. “ಆ ಬಯಾಫ್ರಾದವರು ಅಷ್ಟು ಕಿತ್ತಾಡೋ ಬದಲು ಬೇರೆ ದೇಶ ಮಾಡ್ಕೊಂಡು ಹೋಗಬಾರದಾ?” ಬಯಾಫ್ರಾ ಅಂದರೆ ನೈಜೀರಿಯಾದ ಪೂರ್ವ ಭಾಗ, ಅಲ್ಲಿ ಜಾಸ್ತಿ ಇರುವವರು ಇಗ್ಬೊ ಜನ, ಒನಿಚಾ ಇರುವುದೂ ಅಲ್ಲೇ. ಹೇಳಿ ಹೇಳಿ ಬಾಯಿ ನೋವು ಬಂತು. ಅದಕ್ಕೆ ಬರೆದೇ ಬಿಡೋಣ ಅಂತ.

ಕಳೆದ ಸಲ ದಾವಣಗೆರೆಯಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯ ಹಿರಿಯರು ಶುರು ಮಾಡಿದರು: “ಅಲ್ಲಪ್ಪಾ, ಎಲ್ಲಾ ಒಂದೇ ಬಣ್ಣದ ಜನ. ಹೊಂದ್ಕೊಂಡು ಇರೋಕೇನು ಕಷ್ಟ? ಆಗಲ್ಲ ಅಂದ್ರೆ ಪಾಲು ಮಾಡ್ಕೊಂಡು ಬೇರೆ ಆಗೋದು.” ಎರಡನೇ ಸಲ ಸಾರು ಬರುವಷ್ಟರಲ್ಲಿ 20 ಕೋಟಿಗೂ ಜಾಸ್ತಿ ಜನರ ದೇಶದ ಪಾಲುಪಟ್ಟಿ ರೆಡಿ. ಒಂದೇ ಬಣ್ಣ ಅಂದರೆ ಒಂದೇ ಜನ ಅನ್ನುವುದಾದರೆ ನಾವು ಕಾವೇರಿಗೆ ಯಾಕೆ ಜಗಳ ಆಡುತ್ತೇವೆ ಸ್ವಾಮಿ? ಕೇಳಲಿಲ್ಲ. ಹೋಳಿಗೆ ಬರುವುದಿತ್ತು.

ಬೇರೆ ಆಗಿ ನೋಡಿದ್ದಾರೆ. 1966ರ ಜನವರಿಯಲ್ಲಿ ಸೇನಾ ದಂಗೆ ಆಯಿತು, ಪ್ರಧಾನಿ ಬಲೇವಾ ಸೇರಿ ಉತ್ತರದ ದೊಡ್ಡ ನಾಯಕರು ಕೊಲೆಯಾದರು, ದಂಗೆ ಎದ್ದವರಲ್ಲಿ ಇಗ್ಬೊ ಅಧಿಕಾರಿಗಳೇ ಜಾಸ್ತಿ ಇದ್ದರು ಅಂತ ಆ ಸಿಟ್ಟೆಲ್ಲ ಉತ್ತರದ ಊರುಗಳಲ್ಲಿ ಅಂಗಡಿ ಇಟ್ಟುಕೊಂಡಿದ್ದ ಮಾಮೂಲಿ ಇಗ್ಬೊ ಜನರ ಮೇಲೆ ತಿರುಗಿತು. ಸಾವಿರಾರು ಜನ ಸತ್ತರು. ಉಳಿದವರು ಸಿಕ್ಕ ರೈಲು ಹತ್ತಿ ಪೂರ್ವಕ್ಕೆ ಓಡಿದರು. 1967ರ ಮೇ 30ರಂದು ಪೂರ್ವ ಪ್ರಾಂತ್ಯದ ಸೇನಾ ಗವರ್ನರ್ ಒಜುಕ್ವು ಬಯಾಫ್ರಾ ಅನ್ನುವ ಬೇರೆ ದೇಶ ಘೋಷಿಸಿದರು. ಜುಲೈಯಲ್ಲಿ ಯುದ್ಧ. 1970ರ ಜನವರಿಗೆ ಅದು ಮುಗಿಯುವಾಗ ಸತ್ತವರು 10 ಲಕ್ಷದಿಂದ 30 ಲಕ್ಷ ಅಂತ ಅಂದಾಜು. ಗುಂಡಿಗೆ ಬಿದ್ದವರಿಗಿಂತ ಹಸಿವಿಗೆ ಬಿದ್ದವರೇ ಹೆಚ್ಚು.

“ಗೆದ್ದವರೂ ಇಲ್ಲ, ಸೋತವರೂ ಇಲ್ಲ” ಅಂತ ಸೇನಾ ಆಡಳಿತಗಾರ ಗೊವೊನ್ ಹೇಳಿದರು. ಆಮೇಲೆ ಬ್ಯಾಂಕಿನಲ್ಲಿ ಎಷ್ಟೇ ದುಡ್ಡಿದ್ದರೂ ಬಯಾಫ್ರಾ ಕಡೆಯ ಜನರ ಕೈಗೆ ಬಂದಿದ್ದು 20 ಪೌಂಡ್. ನಮ್ಮ ಗೋಡೌನ್ ಪಕ್ಕದ ಬಟ್ಟೆ ವ್ಯಾಪಾರಿ ಈ ಕಥೆ ಹೇಳುವಾಗ ದನಿ ಏರಿಸುತ್ತಿರಲಿಲ್ಲ. ಕ್ಯಾಲ್ಕ್ಯುಲೇಟರ್ ಎಳೆದುಕೊಂಡು, ತಮ್ಮ ಅಪ್ಪನ ಖಾತೆಯಲ್ಲಿದ್ದ ಮೊತ್ತ ಒತ್ತಿ, 20 ಕಳೆದು, ಬಂದ ಉತ್ತರವನ್ನು ನನ್ನ ಕಡೆ ತಿರುಗಿಸುತ್ತಿದ್ದರು. ಅಷ್ಟೇ.

ಹಾಗಾದರೆ ಅವರಿಗೆ ಬಯಾಫ್ರಾ ಬೇಕಲ್ವಾ? ಅವರ ತಮ್ಮನ ಅಂಗಡಿ ಲಾಗೋಸಿನಲ್ಲಿ. ಅಳಿಯ ಉತ್ತರದ ಕಾನೋದಲ್ಲಿ. ಎರಡೂ ಬಯಾಫ್ರಾದ ಹೊರಗಿನ ಊರು. ಗೆರೆ ಎಳೆದ ಮರುದಿನ ಇಬ್ಬರೂ ತಮ್ಮ ಅಂಗಡಿಯಲ್ಲೇ ವಿದೇಶಿಯರು.

2021ರ ಜೂನಿನಲ್ಲಿ ಪ್ರತ್ಯೇಕತಾವಾದಿ ನಾಯಕ ನಮ್ದಿ ಕಾನುನನ್ನು ಕೀನ್ಯಾದಿಂದ ಹಿಡಿದು ತಂದರು. ಅವನನ್ನು ಬಿಡಿ ಅಂತ ಅವನ ಐಪಾಬ್ ಸಂಘಟನೆ ಆಗಸ್ಟ್‌ನಿಂದ ಪ್ರತಿ ಸೋಮವಾರ ಬಂದ್ ಕರೆಯಿತು. ಕೆಲವೇ ದಿನಕ್ಕೆ “ಕೋರ್ಟ್ ಇರುವ ದಿನ ಮಾತ್ರ ಸಾಕು” ಅಂತಲೂ ಹೇಳಿತು. ಆದರೆ ಶಟರ್ ಏಳಲಿಲ್ಲ, ಯಾಕಂದರೆ ತೆಗೆದವರಿಗೆ ಹೊಡೆತ ಬೀಳುತ್ತಿತ್ತು, ಯಾರು ಹೊಡೆದರು ಅಂತ ಕೇಳಿದರೆ ಎಲ್ಲರೂ ನೆಲ ನೋಡುತ್ತಿದ್ದರು. ನಮ್ಮ ಬಜಾಜ್ ಆಟೋಗಳನ್ನೇ ಅಲ್ಲಿ ಕೆಕೆ ಅನ್ನುತ್ತಾರೆ. ಸೋಮವಾರ ಒಂದೂ ರಸ್ತೆಗೆ ಬರುತ್ತಿರಲಿಲ್ಲ. ನಮ್ಮ ವ್ಯಾಪಾರಿ ಪಕ್ಕದ ಬಾಗಿಲು ಅರ್ಧ ತೆಗೆದು, ಒಳಗೆ ಕೂತು ವಾಟ್ಸಾಪಿನಲ್ಲಿ ಆರ್ಡರ್ ತಗೊಂಡು, ಸರ್ಕಾರಕ್ಕೂ ಹುಡುಗರಿಗೂ ಒಂದೇ ಉಸಿರಲ್ಲಿ ಬೈಯುತ್ತಿದ್ದರು.

ನೀವು ಕೇಳಬೇಕಾದ್ದು ಬೇರೆ. ಲಾಗೋಸಿನಲ್ಲಿ ಹುಟ್ಟಿ ಬೆಳೆದವನು ಲಾಗೋಸಿನವನು ಯಾಕಲ್ಲ? ಯಾವ ಅರ್ಜಿ ತುಂಬಿದರೂ ‘ಮೂಲ ರಾಜ್ಯ’ ಅಂತ ಒಂದು ಕಾಲಂ. ಅಲ್ಲಿ ನೀವು ಹುಟ್ಟಿದ ಊರು ಬರೆಯುವ ಹಾಗಿಲ್ಲ, ಅಪ್ಪನ ಪೂರ್ವಿಕರ ಊರು ಬರೆಯಬೇಕು. ಸರ್ಕಾರಿ ಕೆಲಸ, ಕಾಲೇಜು ಸೀಟು, ಎಲ್ಲಕ್ಕೂ ಅದೇ. 2023ರ ಫೆಬ್ರವರಿಯಲ್ಲಿ ಇಗ್ಬೊ ಅಭ್ಯರ್ಥಿ ಪೀಟರ್ ಓಬಿ ಅಧ್ಯಕ್ಷ ಚುನಾವಣೆಯಲ್ಲಿ ಲಾಗೋಸಿನಲ್ಲೇ ಮುಂದೆ ಬಂದರು. ಮಾರ್ಚಿನಲ್ಲಿ ಗವರ್ನರ್ ಚುನಾವಣೆ ಬಂದಾಗ ಇಗ್ಬೊ ಅಂತ ಅನಿಸಿದವರನ್ನು ಮತಗಟ್ಟೆಯಿಂದಲೇ ಬೆದರಿಸಿ ಓಡಿಸಿದರು. ಇಗ್ಬೊಗಳಿಗೆ ಮಾತ್ರ ಹೀಗೆ ಅಂದುಕೊಳ್ಳಬೇಡಿ. ದೇಶದ ನಡುಭಾಗದ ಜೋಸ್ ನಗರದಲ್ಲಿ ತಲೆಮಾರುಗಳಿಂದ ಇರುವ, ಹೆಚ್ಚಾಗಿ ಮುಸ್ಲಿಮರಾದ ಹೌಸಾ ಜನರೂ ‘ಹೊರಗಿನವರೇ’. ಅಲ್ಲಿ 2001ರಲ್ಲಿ, 2008ರಲ್ಲಿ ಬೀದಿಗಳು ಉರಿದಿದ್ದನ್ನು ಧರ್ಮದ ಜಗಳ ಅಂತಷ್ಟೇ ಓದಿದರೆ ಅರ್ಧ ಓದಿದ ಹಾಗೆ.

2025ರ ನವೆಂಬರಿನಲ್ಲಿ ಕಾನುಗೆ ಜೀವಾವಧಿ ಶಿಕ್ಷೆ ಆಯಿತು. “ಹಾಗಾದ್ರೆ ಮುಗೀತಲ್ಲ?” ಅಂತ ಆಗಲೇ ಮೂರ್ನಾಲ್ಕು ಜನ ಕೇಳಿಯಾಯಿತು. ಇನ್ನೂ ಪಾಲು ಅನ್ನುವವರಿಗೆ ನನ್ನದೊಂದು ಪ್ರಶ್ನೆ. ಬಂದರು ನಗರ ಪೋರ್ಟ್ ಹಾರ್ಕೋರ್ಟ್ ಯಾರ ಪಾಲಿಗೆ? ಬಯಾಫ್ರಾದ ನಕ್ಷೆಯಲ್ಲಿ ಅದಿದೆ. ಸುತ್ತಮುತ್ತ ತೈಲವಿದೆ. ಅಲ್ಲಿನ ಇಜಾ, ಒಗೊನಿ ಜನ ರಾಜಧಾನಿ ಅಬುಜಾದ ಯಜಮಾನಿಕೆ ಬೇಡ ಅನ್ನುವಷ್ಟೇ ಗಟ್ಟಿಯಾಗಿ ಇಗ್ಬೊಗಳ ಯಜಮಾನಿಕೆಯೂ ಬೇಡ ಅನ್ನುತ್ತಾರೆ. ಯುದ್ಧ ಮುಗಿದ ಮೇಲೆ ಅದೇ ಊರಲ್ಲಿ ಇಗ್ಬೊಗಳ ಮನೆಗಳನ್ನು ‘ಬಿಟ್ಟುಹೋದ ಆಸ್ತಿ’ ಅಂತ ಮಾಡಿ ಬೇರೆಯವರಿಗೆ ಕೊಟ್ಟರು. ಆ ಮನೆಗಳ ಮೊಮ್ಮಕ್ಕಳು ಇನ್ನೂ ಇದ್ದಾರೆ, ಈಗ ಒಳಗಿರುವವರ ಮೊಮ್ಮಕ್ಕಳೂ ಇದ್ದಾರೆ. ಪಾಲು ಮಾಡುವವರು ಅಲ್ಲಿಂದಲೇ ಶುರು ಮಾಡಿ.